ತಪ್ಪು ಸಿಲಿಂಡರ್ ಕೂರೋದೇ ಇಲ್ಲ!

ಆಪರೇಷನ್ ನಡೀತಿರುವಾಗ
ಆಕ್ಸಿಜನ್ ಬದಲು ಬೇರೆ ಗ್ಯಾಸ್ ಸಿಲಿಂಡರ್ ಜೋಡಿಸಿಬಿಟ್ಟರೆ?

ಗೋಡೆ ಮೇಲೆ "ಎಚ್ಚರಿಕೆ" ಅಂತ ಬರೆದರೆ ಸಾಕಾ?
ಸಾಲದು.
ರಾತ್ರಿ ಪಾಳಿಯ ಸುಸ್ತಲ್ಲಿ
ಎಂಥವರ ಕಣ್ಣೂ ತಪ್ಪುತ್ತೆ.

ಅದಕ್ಕೇ ಅರಿವಳಿಕೆ ಯಂತ್ರದಲ್ಲೇ ಒಂದು ಕಾವಲಿದೆ.
ಯಂತ್ರದಲ್ಲಿ ಎರಡು ಪುಟ್ಟ ಪಿನ್.
ಸಿಲಿಂಡರ್‌ನಲ್ಲಿ ಎರಡು ತೂತು.
ಆಕ್ಸಿಜನ್‌ಗೆ ಅವುಗಳ ಜಾಗ ಒಂದು ರೀತಿ,
ನೈಟ್ರಸ್ ಆಕ್ಸೈಡ್ ಗ್ಯಾಸ್‌ಗೆ ಇನ್ನೊಂದು ರೀತಿ.
ಪಿನ್ನು, ತೂತು ಹೊಂದದಿದ್ದರೆ ಸಿಲಿಂಡರ್ ಕೂರಲ್ಲ.

ಮನೆಯ ಮೂರು ಪಿನ್ ಪ್ಲಗ್ ನೋಡಿ.
ತಲೆಕೆಳಗೆ ಹಿಡಿದರೆ ಒಳಗೇ ಹೋಗಲ್ಲ.
ಇದೂ ಹಾಗೇ!

ಆದರೆ ಪಿನ್ ಮುರಿದಿದ್ದರೆ?
ಆ ಕಾವಲೇ ಹೋಯ್ತು.
ಹಾಗಾಗಿ ಪಿನ್ ಪರೀಕ್ಷೆ ಬೇಕು,
ಆಕ್ಸಿಜನ್ ಪ್ರಮಾಣ ಅಳೆಯೋ ಮಾನಿಟರೂ ಬೇಕು.
ಒಂದು ಕೈಕೊಟ್ಟರೆ ಇನ್ನೊಂದು ತಪ್ಪನ್ನ ಹಿಡಿಯುತ್ತೆ.

ಆಸ್ಪತ್ರೆಯಲ್ಲಿ ತಪ್ಪಾದಾಗ
"ಯಾರು ಮಾಡಿದ್ದು?" ಅಂತಷ್ಟೇ ಕೇಳಬೇಡಿ.
"ತಪ್ಪಾಗೋಕೆ ದಾರಿ ಎಲ್ಲಿತ್ತು?" ಅಂತಲೂ ಕೇಳಿ.
ಆ ದಾರಿ ಮುಚ್ಚಿದರೆ
ಮುಂದಿನ ರೋಗಿ ಉಳೀತಾರೆ.