ಶೇಂಗಾ ಬೂಷ್ಟು ಮತ್ತು ಜೀವಕೋಶದ ಕಾವಲುಗಾರ

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಶೇಂಗಾ ಮಳೆಯನ್ನೇ ನಂಬಿದ ಬೆಳೆ. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಇಳುವರಿ ಕುಸಿಯುವುದು ಎಲ್ಲರಿಗೂ ಗೊತ್ತು. ಕಣ್ಣಿಗೆ ಕಾಣದ ನಷ್ಟ ಇನ್ನೊಂದಿದೆ. ಬರಕ್ಕೆ ಸಿಕ್ಕ ಕಾಯಿಯೊಳಕ್ಕೆ ಮಣ್ಣಿನಲ್ಲಿರುವ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಸುಲಭವಾಗಿ ಸೇರಿಕೊಂಡು ಅಫ್ಲಾಟಾಕ್ಸಿನ್ ಎಂಬ ವಿಷ ತಯಾರಿಸುತ್ತದೆ. ಸರಿಯಾಗಿ ಒಣಗದ ಕಾಯಿಯನ್ನು ಚೀಲಕ್ಕೆ ತುಂಬಿದರೂ ಅಷ್ಟೆ.

1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತಾಗ ಈ ವಿಷದ ಜಾಡು ಸಿಕ್ಕಿತು. ಅವು ತಿಂದದ್ದು ಬ್ರೆಜಿಲಿನಿಂದ ತರಿಸಿದ ಶೇಂಗಾ ಹಿಂಡಿ.

ಯಕೃತ್ತಿನ ಕೋಶಗಳು ಈ ವಿಷವನ್ನು ಹೊರಹಾಕಲು ಹೋಗಿ ಅದನ್ನು ಇನ್ನಷ್ಟು ಉಗ್ರ ರೂಪಕ್ಕೆ ತಿರುಗಿಸುತ್ತವೆ. ಅದು ಡಿಎನ್ಎಯ ನಾಲ್ಕು ಅಕ್ಷರಗಳಲ್ಲೊಂದಾದ ಗ್ವಾನಿನ್‌ಗೆ ಅಂಟಿಕೊಳ್ಳುತ್ತದೆ. ಕೋಶವೇನೂ ಕೈಕಟ್ಟಿ ಕೂರುವುದಿಲ್ಲ. ಕೆಟ್ಟ ಜಾಗದ ಸುತ್ತಲಿನ ಸುಮಾರು 30 ಅಕ್ಷರಗಳನ್ನು ಕತ್ತರಿಸಿ ತೆಗೆದು, ಜೋಡಿ ಎಳೆಯನ್ನು ನೋಡಿಕೊಂಡು ಮತ್ತೆ ಬರೆಯುತ್ತದೆ.

ಆದರೆ ಇದಕ್ಕೆ ಸಮಯ ಬೇಕು. ಮೊಳಕಾಲ್ಮುರಿನ ರೇಷ್ಮೆ ಮಗ್ಗದಲ್ಲಿ ಹಾಸಿನ ಎಳೆ ಕಡಿದರೆ ನೇಕಾರರು ಮಗ್ಗ ನಿಲ್ಲಿಸಿ, ಗಂಟು ಹಾಕಿದ ಮೇಲೆಯೇ ಮುಂದಕ್ಕೆ ನೇಯುತ್ತಾರೆ. ಕೋಶವೂ ಹಾಗೆಯೇ ವಿಭಜನೆಯನ್ನು ತಡೆದು ನಿಲ್ಲಿಸುತ್ತದೆ. 1988ರಲ್ಲಿ ವೈನರ್ಟ್ ಮತ್ತು ಹಾರ್ಟ್‌ವೆಲ್ ಇದನ್ನು ಯೀಸ್ಟ್‌ನಲ್ಲಿ ತೋರಿಸಿದರು. ಎಕ್ಸ್-ಕಿರಣದಿಂದ ಪೆಟ್ಟು ತಿಂದ ಯೀಸ್ಟ್ ಕೋಶಗಳು ವಿಭಜನೆ ನಿಲ್ಲಿಸಿದವು. ರ್ಯಾಡ್-9 ಎಂಬ ಜೀನ್ ಇಲ್ಲದವು ನಿಲ್ಲದೆ ವಿಭಜಿಸಿ ಸತ್ತವು. ಹಾರ್ಟ್‌ವೆಲ್‌ಗೆ 2001ರಲ್ಲಿ ನೊಬೆಲ್ ಬಂತು.

ಮನುಷ್ಯನಲ್ಲಿ ಈ ಕೆಲಸದ ಮುಖ್ಯ ಹೊಣೆ ಪಿ-53 ಎಂಬ ಪ್ರೋಟೀನಿನದು. ಅದು ವಿಭಜನೆ ತಡೆಯುತ್ತದೆ. ಹಾನಿ ಸರಿಪಡಿಸಲಾಗದಿದ್ದರೆ ಕೋಶ ತಾನೇ ಸಾಯುವಂತೆ ಮಾಡುತ್ತದೆ. 1992ರಲ್ಲಿ ಡೇವಿಡ್ ಲೇನ್ ಇದನ್ನು ‘ಜೀನೋಮಿನ ಕಾವಲುಗಾರ’ ಎಂದು ಕರೆದರು. ಅಫ್ಲಾಟಾಕ್ಸಿನ್ನಿನ ಕಿಡಿಗೇಡಿತನವೆಂದರೆ ಅದು ಈ ಕಾವಲುಗಾರನನ್ನೇ ಕೆಡಿಸಬಲ್ಲದು. ಚೀನಾ ಮತ್ತು ದಕ್ಷಿಣ ಆಫ್ರಿಕಾ ಭಾಗದ ಯಕೃತ್ತಿನ ಕ್ಯಾನ್ಸರ್ ಗಡ್ಡೆಗಳಲ್ಲಿ ಪಿ-53ರ 249ನೆಯ ಸ್ಥಾನದಲ್ಲಿ ಒಂದೇ ಬಗೆಯ ಅಕ್ಷರದೋಷ ಮತ್ತೆ ಮತ್ತೆ ಇರುವುದು 1991ರಲ್ಲಿ ಕಂಡುಬಂತು.

ಹೆಪಟೈಟಿಸ್-ಬಿ ಸೋಂಕೂ ಜೊತೆಗಿದ್ದರೆ ಅಪಾಯ ಹಲವು ಪಟ್ಟು ಏರುತ್ತದೆ. ಸತ್ತ ಕೋಶಗಳ ಜಾಗ ತುಂಬಲು ಯಕೃತ್ತು ಪದೇ ಪದೇ ವಿಭಜಿಸಬೇಕಾಗಿ, ರಿಪೇರಿಗೆ ಬಿಡುವು ಸಾಲುವುದಿಲ್ಲ. ಹುಟ್ಟಿದ ಮಗುವಿಗೆ ಕೊಡಿಸುವ ಹೆಪಟೈಟಿಸ್-ಬಿ ಲಸಿಕೆಯ ಬೆಲೆ ಇಲ್ಲಿ ತಿಳಿಯುತ್ತದೆ.

ಹುರಿದರೆ ಈ ವಿಷ ಪೂರ್ತಿ ಹೋಗದು. ಕಾಯಿಯನ್ನು ಗಲಗಲ ಎನ್ನುವಂತೆ ಒಣಗಿಸುವುದು, ಮುರುಟಿದ, ಬಣ್ಣಗೆಟ್ಟ, ಬೂಷ್ಟು ಹಿಡಿದ ಬೀಜವನ್ನು ಆರಿಸಿ ಎಸೆಯುವುದು ಮನೆಯಲ್ಲೇ ಆಗುವ ಕೆಲಸ. ಎಸೆಯುವ ಬದಲು ಗಾಣಕ್ಕೆ ಹಾಕಿದರೆ ಎಣ್ಣೆಗಿಂತ ಹಿಂಡಿಯಲ್ಲೇ ವಿಷ ಹೆಚ್ಚು ಉಳಿಯುತ್ತದೆ. ಆ ಹಿಂಡಿ ತಿಂದ ಹಸುವಿನ ಹಾಲಿಗೂ ಅದು ರೂಪ ಬದಲಿಸಿಕೊಂಡು ಬರುತ್ತದೆ.