ತಿಗುರಿಯೂ ಸಂಸಾರವೂ

ಬೆಂಗಳೂರಿನಿಂದ ಜೋಲಾರಪೇಟೆಯ ಕಡೆಗೆ ಹೊರಟ ರೈಲು ಬಂಗಾರಪೇಟೆಯನ್ನು ಬಿಟ್ಟು ಆಂಧ್ರದ ಗಡಿಯತ್ತ ಸಾಗುವಾಗ ಕಾಮಸಮುದ್ರವೆಂಬ ಸಣ್ಣ ನಿಲ್ದಾಣವೊಂದು ಎದುರಾಗುತ್ತದೆ. 1864ರಲ್ಲಿ ಬೆಂಗಳೂರಿನ ದಂಡುಪ್ರದೇಶಕ್ಕೆ ಮೊತ್ತಮೊದಲು ಉಗಿಬಂಡಿ ಬಂದುದು ಇದೇ ದಾರಿಯಲ್ಲಿ. ಸುತ್ತ ಬಂಡೆಗುಡ್ಡಗಳು, ನಡುನಡುವೆ ರಾಗಿಯ ಹೊಲಗಳು, ಕಾಡಿನಂಚಿನಲ್ಲಿ ಆನೆಗಳ ಭಯ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಈ ಸೀಮೆಯಲ್ಲಿ ಜನ ನಂಬಿರುವುದು ಕೆರೆಗಳನ್ನು. ‘ಸಮುದ್ರ’ ಎಂದು ಕೊನೆಗೊಳ್ಳುವ ಊರಿನ ಹೆಸರುಗಳು ನಮ್ಮ ನಾಡಿನಲ್ಲಿ ಸಾಮಾನ್ಯವಾಗಿ ಕೆರೆಯನ್ನೇ ಸೂಚಿಸುತ್ತವೆ. ಕಡಲನ್ನು ಕಾಣದ ಹಿರಿಯರು ತಮ್ಮ ಕೆರೆಗಿತ್ತ ಗೌರವ ಅದು.

ಈ ಸೀಮೆಯ ಹೆಸರನ್ನು ಲೋಕಕ್ಕೆ ಸಾರಿದ್ದು ಚಿನ್ನ. ಕೋಲಾರದ ಗಣಿಗಳಲ್ಲಿ ನೂರಿಪ್ಪತ್ತು ವರ್ಷಗಳ ಕಾಲ, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, ಮನುಷ್ಯರು ಬಂಗಾರವನ್ನು ತೆಗೆದರು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಆದರೆ ಅದೇ ಭೂಮಿಯ ಮೇಲ್ಪದರದಲ್ಲಿ, ಕೆರೆಯಂಗಳದಲ್ಲಿ, ಮೊಣಕಾಲುದ್ದ ಅಗೆದರೆ ದೊರೆಯುವ ಜಿಗುಟು ಮಣ್ಣನ್ನು ನಂಬಿದ ಕಸುಬು ಗಣಿಗಿಂತ ಎಷ್ಟೋ ಹಿಂದಿನದು. ಗಣಿ ಮುಚ್ಚಿದ ಮೇಲೂ ಉಳಿದಿದೆ. ಅದು ಕುಂಬಾರನ ಕಸುಬು.

ಮಣ್ಣಿನ ಕಲೆಯಲ್ಲಿ ತೊಡಗಿದವರು ಮನೆಯನ್ನೂ ಮಕ್ಕಳನ್ನೂ ಹೊಟ್ಟೆಪಾಡಿನ ಇತರ ಕೆಲಸಗಳನ್ನೂ ಹೇಗೆ ಒಟ್ಟಿಗೆ ನಡೆಸಬೇಕೆಂಬುದು ಈಗ ನಗರಗಳಲ್ಲಿ ಆಗಾಗ ಕೇಳಿಬರುವ ಪ್ರಶ್ನೆ. ಅದನ್ನು ಹೊಸ ಕಾಲದ ಸಮಸ್ಯೆಯೆಂದು ತಿಳಿಯುವವರು ಕೋಲಾರದ ಸೀಮೆಯ ಕುಂಬಾರರ ಮನೆಯ ಅಂಗಳವನ್ನೊಮ್ಮೆ ನೋಡಬೇಕು. ಅಲ್ಲಿ ಈ ಪ್ರಶ್ನೆಗೆ ತಲೆಮಾರುಗಳಿಂದ ಉತ್ತರ ಹೇಳುತ್ತ ಬಂದಿದ್ದಾರೆ. ಆ ಉತ್ತರದ ಬೆಲೆಯನ್ನು ತೆರುತ್ತಿರುವವರು ಯಾರು ಎಂಬುದು ಮಾತ್ರ ಲೆಕ್ಕಕ್ಕೆ ಬಂದಿಲ್ಲ.

ಕುಂಬಾರನ ವರುಷ

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ನಾವು ಮಡಕೆ ಒಡೆಯುವ ದೊಣ್ಣೆಯನ್ನು ನೆನೆದು ಆಡುತ್ತೇವೆ. ಆದರೆ ಗಾದೆಯ ಮೊದಲರ್ಧದಲ್ಲಿ ಅಡಗಿರುವ ವರುಷವನ್ನು ವಿಚಾರಿಸಿದವರು ವಿರಳ.

ಬೇಸಗೆಯಲ್ಲಿ ಕೆರೆಯ ಅಂಗಳ ಒಣಗಿದಾಗ ವರ್ಷಕ್ಕೆ ಸಾಲುವಷ್ಟು ಮಣ್ಣನ್ನು ಅಗೆದು ಮನೆಯ ಬಳಿ ರಾಶಿ ಹಾಕಬೇಕು. ಅದೇ ಬೇಸಗೆ ನೀರಿನ ಮಡಕೆ, ಹೂಜಿಗಳ ಮಾರಾಟದ ಕಾಲ. ಮದುವೆಗಳ ಕಾಲವೂ ಅದೇ. ತೆಲುಗು ಕನ್ನಡಗಳೆರಡೂ ಬೆರೆತ ಈ ಗಡಿಸೀಮೆಯಲ್ಲಿ ಮದುವೆಗೆ ಬಣ್ಣ ಬಳಿದ ಐರೇಣಿ ಕುಂಡಗಳು ಕುಂಬಾರನ ಮನೆಯಿಂದಲೇ ಬರಬೇಕು. ಮಳೆ ಹಿಡಿಯಿತೆಂದರೆ ಹಸಿಮಡಕೆ ಒಣಗದು, ಆವಿಗೆ ಉರಿಯದು. ಆಗ ತುಂಡುಹೊಲವಿದ್ದವರು ರಾಗಿಯ ಬಿತ್ತನೆಗೆ, ಇಲ್ಲದವರು ಕೂಲಿಗೆ. ಭಾದ್ರಪದದ ಹೊತ್ತಿಗೆ ಗಣಪತಿಯ ಮೂರ್ತಿಗಳು ಸಿದ್ಧವಾಗಬೇಕು. ಕಾರ್ತಿಕಕ್ಕೆ ಹಣತೆಗಳು. ಸಂಕ್ರಾಂತಿಗೆ ಹಾಲುಕ್ಕಿಸುವ ಹೊಸ ಮಡಕೆಗಳು. ಗಣಿಯ ಕಾಲದಿಂದ ನೆಲಸಿರುವ ತಮಿಳು ಕುಟುಂಬಗಳಿಗೆ ಪೊಂಗಲಿನ ದಿನ ಹೊಸ ಮಡಕೆಯಿಲ್ಲದೆ ಹಬ್ಬವಿಲ್ಲ.

ನಾಡಿನ ಪಂಚಾಂಗದಲ್ಲಿ ಹಬ್ಬ ಬಂದಾಗಲೆಲ್ಲ ಕುಂಬಾರನ ಮನೆಯಲ್ಲಿ ದುಡಿಮೆ ಇಮ್ಮಡಿಯಾಗುತ್ತದೆ. ಇತರರ ಮನೆಯ ಮಕ್ಕಳು ಹೊಸ ಬಟ್ಟೆ ತೊಟ್ಟು ನಲಿಯುವ ಮುನ್ನಾದಿನ ಈ ಮನೆಯ ಮಕ್ಕಳು ಸಂತೆಯಲ್ಲಿ ಹಣತೆಯ ರಾಶಿಯ ಮುಂದೆ ಕುಳಿತಿರುತ್ತಾರೆ.

ಮಣ್ಣು ಕಾಯುವುದಿಲ್ಲ

ಈ ಕಸುಬಿನಲ್ಲಿ ಬಿಡುವಿಲ್ಲವೆಂದಲ್ಲ; ಬಿಡುವು ಬೇಕಾದಾಗ ಬರುವುದಿಲ್ಲ, ಅಷ್ಟೆ. ತಂದ ಮಣ್ಣನ್ನು ಒಣಗಿಸಿ, ಕುಟ್ಟಿ, ಜರಡಿಯಾಡಿ, ನೀರಿನಲ್ಲಿ ನೆನೆಹಾಕಬೇಕು. ಒಂದು ಹರಳು ಉಳಿದರೂ ತಿಗುರಿಯ ಮೇಲೆ ಬೆರಳು ಸೀಳೀತು, ಆವಿಗೆಯಲ್ಲಿ ಮಡಕೆ ಬಿರಿದೀತು. ನೆನೆದ ಮಣ್ಣಿಗೆ ನಯವಾದ ಮರಳನ್ನು ಬೆರೆಸಿ ಕಾಲಿನಿಂದ ತುಳಿದು ಹದಮಾಡಬೇಕು. ಆಮೇಲೆ ಬರುವುದು ತಿಗುರಿ. ಭಾರವಾದ ಚಕ್ರದ ಅಂಚಿನ ಕುಳಿಗೆ ಕೋಲನ್ನು ಕೊಟ್ಟು ಬೀಸಿ ತಿರುಗಿಸಿದರೆ ಅದು ಕೆಲವು ನಿಮಿಷ ತಾನಾಗಿ ಸುತ್ತುತ್ತದೆ. ಆ ಕೆಲವು ನಿಮಿಷಗಳಲ್ಲಿ ಮುದ್ದೆ ಮಡಕೆಯ ಆಕಾರ ತಾಳಬೇಕು. ನೋಡಲು ನಿಂತವರು ಬೆರಗಾಗುವುದು ಇಲ್ಲಿಯೇ. ಆದರೆ ಇಡೀ ದುಡಿಮೆಯಲ್ಲಿ ಇದು ಅತ್ಯಂತ ಚಿಕ್ಕ ಭಾಗ.

ತಿಗುರಿಯಿಂದ ಇಳಿದ ದೊಡ್ಡ ಮಡಕೆಗೆ ಸಾಮಾನ್ಯವಾಗಿ ತಳವೇ ಇರುವುದಿಲ್ಲ. ಅದು ಕೈಗೆ ಅಂಟದಷ್ಟು ಒಣಗಿ, ಇನ್ನೂ ಬಾಗುವಷ್ಟು ಹಸಿಯಾಗಿರುವಾಗ, ಒಳಗೆ ಒಂದು ಉರುಟು ಕಲ್ಲನ್ನು ಆನಿಸಿ ಹಿಡಿದು ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿತಟ್ಟಿ ತಳವನ್ನು ಕೂಡಿಸಬೇಕು, ಗೋಡೆಯನ್ನು ತೆಳುವಾಗಿಸಬೇಕು. ಈ ಹದ ಬಂದುದು ಬೆಳಗಿನ ಜಾವವೋ, ಮಗು ಜ್ವರದಿಂದ ನರಳುವ ಮಧ್ಯಾಹ್ನವೋ, ಬೀಗರು ಬಂದಿಳಿದ ಸಂಜೆಯೋ ಎಂದು ಮಣ್ಣು ಕೇಳುವುದಿಲ್ಲ. ಒಂದು ಗಳಿಗೆ ತಡವಾದರೆ ಮಡಕೆ ಬಿರುಕು ಬಿಡುತ್ತದೆ.

ಒಣಗಿದ ಮೇಲೆ ಕೆಮ್ಮಣ್ಣಿನ ಲೇಪ, ನಯಗೊಳಿಸುವ ಉಜ್ಜುವಿಕೆ, ಕೊನೆಗೆ ಆವಿಗೆ. ಮಡಕೆಗಳ ನಡುವೆ ಸೌದೆ, ಬೆರಣಿ, ಹುಲ್ಲುಗಳನ್ನು ಒಡ್ಡಿ, ಮೇಲೆ ಹುಲ್ಲು ಮುಚ್ಚಿ, ಕೆಸರು ಮೆತ್ತಿ ಬೆಂಕಿಯಿಡುತ್ತಾರೆ. ಬಂಗಾರ ಕರಗಲು 1064 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಹಳ್ಳಿಯ ಆವಿಗೆಗೆ ಅಷ್ಟು ಬೇಡ. ಸುಮಾರು 600 ಡಿಗ್ರಿಯ ಹೊತ್ತಿಗೆ ಮಣ್ಣಿನ ಕಣಗಳಲ್ಲಿ ಬೆಸೆದುಕೊಂಡಿದ್ದ ನೀರೆಲ್ಲ ಹೊರಟುಹೋಗಿ, ಮತ್ತೆಂದಿಗೂ ನೀರಿನಲ್ಲಿ ಕರಗದ ವಸ್ತುವಾಗಿ ಅದು ಮಾರ್ಪಡುತ್ತದೆ. ಗಾಳಿಯಾಡಿದರೆ ಕೆಂಪು, ಹೊಗೆಯನ್ನು ಒಳಗೇ ಕಟ್ಟಿಹಾಕಿದರೆ ಕಪ್ಪು. ಒಳಗೆ ಹಸಿಯುಳಿದ ಮಡಕೆಯಾದರೆ ಹಬೆಯ ಒತ್ತಡಕ್ಕೆ ಸಿಡಿದು ಪಕ್ಕದವನ್ನೂ ಕೆಡಿಸುತ್ತದೆ. ಅಕಾಲದ ಮಳೆಯೊಂದು ಸುರಿದರೆ ವಾರಗಳ ಕೆಲಸ ಒಂದೇ ರಾತ್ರಿಯಲ್ಲಿ ಮಣ್ಣುಪಾಲು. ಗಾದೆಯ ದೊಣ್ಣೆ ಕೆಲವೊಮ್ಮೆ ಆಕಾಶದಿಂದಲೂ ಬೀಳುತ್ತದೆ.

ಎಣಿಕೆಗೆ ಬಾರದ ಕೈಗಳು

ಹೀಗಿರುವಲ್ಲಿ ಒಬ್ಬನೇ ಮನುಷ್ಯ ತಿಗುರಿಯನ್ನೂ ಸಂಸಾರವನ್ನೂ ತೂಗಿಸಬಲ್ಲನೆ? ಆಗದು. ‘ಕುಂಬಾರ’ ಎಂಬ ಪದ ಏಕವಚನವಾದರೂ ಮಡಕೆಯ ಹಿಂದಿರುವುದು ಇಡೀ ಮನೆ. ನಮ್ಮ ದೇಶದ ಅನೇಕ ಕಡೆ ಹೆಂಗಸರು ತಿಗುರಿಯನ್ನು ಮುಟ್ಟಬಾರದೆಂಬ ಕಟ್ಟಳೆ ಇತ್ತು. ಆದರೆ ಮಣ್ಣನ್ನು ಜರಡಿಯಾಡಿದವಳು, ತುಳಿದವಳು, ಲೇಪ ಹಚ್ಚಿ ಉಜ್ಜಿದವಳು, ಬೆರಣಿ ತಟ್ಟಿ ಕೂಡಿಟ್ಟವಳು, ತಲೆಯ ಮೇಲೆ ಹೊತ್ತು ಸಂತೆಗೆ ನಡೆದವಳು ಆಕೆಯೇ. ಅಡುಗೆ, ಹಟ್ಟಿ, ಹಸುಳೆ, ವೃದ್ಧರು ಇವೆಲ್ಲ ಇದರ ಮೇಲೆ. ಇತ್ತ ಮಣಿಪುರದ ಆಂಡ್ರೋ ಗ್ರಾಮದಲ್ಲಿ ತಿಗುರಿಯೇ ಇಲ್ಲದೆ ಹೆಂಗಸರು ಕೈಯಿಂದಲೇ ಸುಂದರವಾದ ಮಡಕೆಗಳನ್ನು ಮಾಡುತ್ತ ಬಂದಿದ್ದಾರೆ. ಕಲೆ ಕೈಯಲ್ಲಿದೆಯೇ ಹೊರತು ಕಟ್ಟಳೆಯಲ್ಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕನ್ನಡ ಸಾಹಿತ್ಯಕ್ಕೆ ಕುಂಬಾರರ ದಂಪತಿಗಳೊಬ್ಬರ ಪರಿಚಯ ಚೆನ್ನಾಗಿಯೇ ಇದೆ. ಬೀದರ ಸೀಮೆಯ ಭಾಲ್ಕಿಯವನೆಂದು ಹೇಳುವ ಶಿವಶರಣ ಗುಂಡಯ್ಯನನ್ನು ಕುರಿತು ಹರಿಹರನು ರಗಳೆಯನ್ನೇ ರಚಿಸಿದನು. ಮಡಕೆಯನ್ನು ತಟ್ಟುವ ಗುಂಡಯ್ಯನ ಭಕ್ತಿಗೆ ಮೆಚ್ಚಿ ಸಾಕ್ಷಾತ್ ಶಿವನೇ ಕುಣಿದನೆಂಬುದು ಅಲ್ಲಿನ ಕಥೆ. ದುಡಿಮೆಯ ಸದ್ದನ್ನೇ ದೇವರಿಗೆ ಪ್ರಿಯವಾದ ನಾದವಾಗಿಸಿದ ಈ ಕಲ್ಪನೆ ಬಹು ದೊಡ್ಡದು. ಆದರೆ ಗುಂಡಯ್ಯನ ಮಡದಿ ಕೇತಲದೇವಿಯೂ ವಚನಕಾರ್ತಿಯಾಗಿದ್ದಳೆಂಬುದು ಎಷ್ಟು ಜನಕ್ಕೆ ಗೊತ್ತು? ‘ಕುಂಭೇಶ್ವರ’ ಎಂಬ ಅಂಕಿತದಿಂದ ಬರೆದ ಆಕೆಯ ವಚನ ಮಣ್ಣಿನ ಹದವನ್ನು ಬಲ್ಲ ಕೈಯಿಂದಲೇ ಮೂಡಿದ್ದು. ಗಂಡನ ತಾಳಕ್ಕೆ ಶಿವ ಕುಣಿದ ಕಥೆ ಮನೆಮಾತಾಯಿತು. ಹೆಂಡತಿಯ ಮಾತು ವಚನಗಳ ಸಂಪುಟದ ಮೂಲೆಯಲ್ಲಿ ಉಳಿಯಿತು.

ಮೂರನೆಯ ದುಡಿಮೆ

ಹಿಂದಿನ ಕಾಲದಲ್ಲಿ ಕುಂಬಾರನು ಊರಿನ ಆಯಗಾರರಲ್ಲೊಬ್ಬ. ವರ್ಷವಿಡೀ ಊರಿಗೆ ಮಡಕೆಕುಡಿಕೆ ಒದಗಿಸಿದರೆ ಸುಗ್ಗಿಯಲ್ಲಿ ಕಣದಿಂದ ಅವನ ಪಾಲಿನ ಧಾನ್ಯ ಬರುತ್ತಿತ್ತು. ಆ ವ್ಯವಸ್ಥೆಯಲ್ಲಿ ಮೇಲುಕೀಳುಗಳ ಕಟ್ಟು ಇತ್ತೆಂಬುದು ನಿಜ. ಆದರೆ ಮನೆಯಲ್ಲಿ ರಾಗಿ ಇರುತ್ತಿತ್ತೆಂಬುದೂ ನಿಜ. ಆಯ ನಿಂತಿತು. ಅಲ್ಯೂಮಿನಿಯಂ ಬಂತು, ಸ್ಟೀಲು ಬಂತು, ಪ್ಲಾಸ್ಟಿಕ್ ಕೊಡ ಬಂತು. ಊರಿಗೆ ಬೇಕಾದವನಾಗಿದ್ದ ಕುಂಬಾರ ಸಂತೆಯಲ್ಲಿ ಗಿರಾಕಿಯನ್ನು ಕಾಯುವವನಾದ. ಉಪಕಸುಬು ಅನಿವಾರ್ಯವಾದದ್ದು ಆಗ. ಇಟ್ಟಿಗೆ ಸುಡುವುದು, ಹಸು ಸಾಕಿ ಡೇರಿಗೆ ಹಾಲು ಹಾಕುವುದು, ರೇಷ್ಮೆಹುಳು ಮೇಯಿಸುವುದು ಈ ಜಿಲ್ಲೆಯ ಬಡವರಿಗೆ ಒದಗಿದ ದಾರಿಗಳು. ಗಣಿ ಮುಚ್ಚಿದ ಮೇಲಂತೂ ಮುಂಜಾನೆಯ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವುದು ಈ ಭಾಗದ ಸಾವಿರಾರು ಸಂಸಾರಗಳ ದಿನಚರಿಯಾಯಿತು.

ಉಪಕಸುಬು ಕಲೆಯನ್ನು ಕೊಲ್ಲುತ್ತದೆಯೆಂದು ಕೆಲವರು ಮರುಗುತ್ತಾರೆ. ಅದು ಯಾವಾಗಲೂ ನಿಜವಲ್ಲ. 1902ರಲ್ಲಿ ವಿಯೆನ್ನಾ ನಗರದಲ್ಲಿ ಹುಟ್ಟಿದ ಲೂಸಿ ರೀ ಎಂಬ ಮಹಿಳೆ ಕುಂಭಕಲೆಯಲ್ಲಿ ಹೆಸರು ಪಡೆದಿದ್ದಳು. ಯೆಹೂದಿಯಾದ ಕಾರಣ 1938ರಲ್ಲಿ ಲಂಡನ್ನಿಗೆ ಓಡಿಬರಬೇಕಾಯಿತು. ಅಲ್ಲಿ ಆಕೆ ಜೀವನಕ್ಕಾಗಿ ಹಿಡಿದ ಕೆಲಸ ಉಡುಪುಗಳಿಗೆ ಪಿಂಗಾಣಿಯ ಗುಂಡಿಗಳನ್ನು ಮಾಡುವುದು! ಬಟ್ಟೆಯ ಬಣ್ಣಕ್ಕೆ ಸರಿಹೊಂದುವ ಬಣ್ಣ ಬರಿಸಲು ಸಾವಿರಾರು ಗುಂಡಿಗಳ ಮೇಲೆ ಮಾಡಿದ ಪ್ರಯೋಗ ಮುಂದೆ ಆಕೆಯ ಬಟ್ಟಲುಗಳ ಮೆರುಗಿಗೆ ನೆರವಾಯಿತು. 1946ರಲ್ಲಿ ಗುಂಡಿಯ ಕೆಲಸಕ್ಕೆಂದು ಸೇರಿದ ಹಾನ್ಸ್ ಕೋಪರ್ ಎಂಬ ತರುಣ ತಾನೂ ಮಹಾಶಿಲ್ಪಿಯಾದನು. 1995ರಲ್ಲಿ ತೀರಿಕೊಂಡ ಲೂಸಿ ರೀಯ ಬಟ್ಟಲುಗಳನ್ನು ಇಂದು ವಸ್ತುಸಂಗ್ರಹಾಲಯಗಳಲ್ಲಿ ಕಾಣಬಹುದು.

ನಮ್ಮಲ್ಲಿಯೂ ಉಪಕಸುಬು ಮೂಲಕಸುಬಿಗೆ ನೀರೆರೆದ ನಿದರ್ಶನವುಂಟು. 2020ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಹೊರಡಿಸಿದ ಪರಿಷ್ಕೃತ ಮಾರ್ಗಸೂಚಿ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಮೂರ್ತಿಗಳನ್ನು ನಿಷೇಧಿಸಿ ಮಣ್ಣಿನ ಮೂರ್ತಿಗಳನ್ನೇ ಎತ್ತಿಹಿಡಿಯಿತು. ಮಳೆಗಾಲದ ಬಿಡುವಿನ ಗಣಪತಿಯ ಕೆಲಸಕ್ಕೆ ಇದರಿಂದ ಬಲ ಬಂತು. ಹಸಿಮಣ್ಣಿನ ಗಣಪತಿಗೆ ಆವಿಗೆಯೂ ಬೇಡ, ಸೌದೆಯೂ ಬೇಡ.

ಆದರೆ ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಕಸಿಯುವುದೂ ಉಂಟು. 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ನೀರು ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆಯ ಮೂಲಕ ಕೋಲಾರದ ಎಷ್ಟೋ ಕೆರೆಗಳನ್ನು ತುಂಬುತ್ತಿದೆ. ಕೆರೆ ತುಂಬಿದರೆ ಬಾವಿಗಳಿಗೆ ಜೀವ. ಆದರೆ ಬೇಸಗೆಯಲ್ಲೂ ಅಂಗಳ ಒಣಗದ ಕೆರೆಯಿಂದ ಕುಂಬಾರನು ಮಣ್ಣನ್ನು ತೆಗೆಯುವುದೆಂತು?

ನಗರದ ಮಹಡಿಯಲ್ಲಿ

ಬೆಂಗಳೂರಿನಲ್ಲಿ ಈಗ ಕುಂಭಕಲೆಯ ಶಾಲೆಗಳಿವೆ. ಓದಿದ ತರುಣ ತರುಣಿಯರು ವಿದ್ಯುತ್ ತಿಗುರಿಯ ಮುಂದೆ ಕುಳಿತು, 1200 ಡಿಗ್ರಿಗೂ ಮೇಲೇರುವ ಕುಲುಮೆಗಳಲ್ಲಿ ಗಟ್ಟಿಮಣ್ಣಿನ ಪಾತ್ರೆಗಳನ್ನು ಸುಡುತ್ತಾರೆ. ಅಲ್ಲಿಯೂ ಕಥೆ ಬೇರೆಯಲ್ಲ. ಬಟ್ಟಲು ಮಾರಿದ ಹಣ ಬಾಡಿಗೆಗೆ ಸಾಲದೆ ಶನಿವಾರ ಭಾನುವಾರ ಪಾಠ ಹೇಳಬೇಕು. ಹೋಟೆಲುಗಳಿಗೆ ತಟ್ಟೆ ಮಾಡಿಕೊಡಬೇಕು. ಮಗುವನ್ನು ಮಲಗಿಸಿದ ಮೇಲೆ ಮಣ್ಣಿನ ಹದ ನೋಡಬೇಕು. ಕುಲುಮೆಯ ಶಾಖ ಏರುತ್ತಿರುವಾಗ ಮನೆಯವರೆಲ್ಲ ಊಟಕ್ಕೆ ಕಾಯಬೇಕು. ವ್ಯತ್ಯಾಸವೆಂದರೆ, ನಗರದ ಕಲಾವಿದೆ ತನ್ನ ಪಾತ್ರೆಯ ತಳದಲ್ಲಿ ತನ್ನ ಹೆಸರನ್ನು ಕೊರೆಯುತ್ತಾಳೆ. ಸಂತೆಯಲ್ಲಿ ಮಾರುವ ಮಡಕೆಗೆ ಹೆಸರಿಲ್ಲ. ಅದನ್ನು ಉಜ್ಜಿದ ಕೈಗಂತೂ ಇಲ್ಲವೇ ಇಲ್ಲ.

ಸರ್ಕಾರದ ನೆರವು ಬಾರದಿರಲಿಲ್ಲ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ಕುಂಬಾರರಿಗೆ ವಿದ್ಯುತ್ ತಿಗುರಿಗಳನ್ನು ಹಂಚಿದೆ. ಕೋಲು ಬೀಸುವ ಶ್ರಮ ತಪ್ಪಿದ್ದರಿಂದ, ಹಳೆಯ ಕಟ್ಟಳೆಯನ್ನು ಬದಿಗಿಟ್ಟು ತಿಗುರಿಯ ಮುಂದೆ ಕುಳಿತುಕೊಳ್ಳಲು ಹೆಂಗಸರಿಗೂ ದಾರಿಯಾಗಿದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಸೇರಿದೆ. ತರಬೇತಿಯ ಕಾಲದಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಗಳಿಗೆ 15,000 ರೂಪಾಯಿ, ಮೊದಲ ಹಂತದಲ್ಲಿ ಒಂದು ಲಕ್ಷದವರೆಗೂ ಎರಡನೆಯ ಹಂತದಲ್ಲಿ ಎರಡು ಲಕ್ಷದವರೆಗೂ ಶೇಕಡಾ 5ರ ಬಡ್ಡಿಯ ಸಾಲ. ಒಳ್ಳೆಯ ಏರ್ಪಾಡು. ಆದರೆ ಅದರ ನಿಯಮಗಳಲ್ಲಿ ಒಂದು ಮಾತಿದೆ: ಒಂದು ಕುಟುಂಬಕ್ಕೆ ಒಬ್ಬರು ಮಾತ್ರ. ಇಡೀ ಮನೆ ಮೈಮುರಿದು ನಡೆಸುವ ಕಸುಬಿನಲ್ಲಿ ಆ ಒಬ್ಬರು ಯಾರು? ಸಾಮಾನ್ಯವಾಗಿ ತಿಗುರಿಯ ಮುಂದೆ ಕುಳಿತವನು. ಮಣ್ಣು ತುಳಿದವಳು ಕಾಗದದ ಮೇಲೆ ಮತ್ತೊಮ್ಮೆ ಕೇವಲ ಗೃಹಿಣಿ.

ಕಲೆ, ಸಂಸಾರ, ಉಪಕಸುಬು ಈ ಮೂರನ್ನೂ ತೂಗಿಸುವ ಗುಟ್ಟೇನೆಂದು ಕೇಳುವವರಿಗೆ ಕುಂಬಾರರ ಮನೆ ಕೊಡುವ ಉತ್ತರ ಬಹು ಸರಳವಾದುದು: ಮೂರನ್ನೂ ಒಬ್ಬರೇ ತೂಗಿಸಿದ್ದು ಎಂದೂ ಇಲ್ಲ. ತೂಗಿದಂತೆ ಕಂಡಲ್ಲೆಲ್ಲ ತಕ್ಕಡಿಯ ಕೆಳಗೆ ಮತ್ತೊಂದು ಕೈ ಆಸರೆ ಕೊಟ್ಟಿರುತ್ತದೆ. ಆ ಕೈಯನ್ನು ಗುರುತಿಸಿ ಅದರ ಪಾಲನ್ನು ಅದಕ್ಕೆ ಕೊಡುವ ಮನೆಯಲ್ಲಿ ಕಲೆಯೂ ಉಳಿದೀತು, ನೆಮ್ಮದಿಯೂ ಉಳಿದೀತು. ಮುಂದಿನ ಬೇಸಗೆಯಲ್ಲಿ ಬಂಗಾರಪೇಟೆಯ ಬೀದಿಯಲ್ಲಾಗಲಿ ಬೆಂಗಳೂರಿನ ಮಲ್ಲೇಶ್ವರದಲ್ಲಾಗಲಿ ನೀರಿನ ಮಡಕೆಯೊಂದನ್ನು ಕೊಳ್ಳುವವರು, ಬೆರಳಿನಿಂದ ತಟ್ಟಿ ಅದರ ನಾದವನ್ನು ಪರೀಕ್ಷಿಸುವಾಗ, ಗುಂಡಯ್ಯನೊಡನೆ ಕೇತಲದೇವಿಯನ್ನೂ ನೆನೆಯಲಿ. ಐದು ರೂಪಾಯಿಗೆ ಚೌಕಾಸಿ ಮಾಡದೆ ಕೇಳಿದ ಬೆಲೆಯನ್ನು ಕೊಟ್ಟರೆ ಆ ನೆನಪು ಇನ್ನೂ ಸಾರ್ಥಕವಾದೀತು.