ಬೆಕ್ಕಿನ ಕಿವಿ

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬುದು ಇಲಿಗಳ ಸಭೆಯಲ್ಲಿ ಎದ್ದ ಪ್ರಶ್ನೆ. ಬೆಕ್ಕಿನ ಕಿವಿಗೆ ಔಷಧ ಹಾಕುವವರು ಯಾರು ಎಂಬುದು ಈಚೆಗೆ ನಮ್ಮ ಮನೆಯಲ್ಲಿ ಎದ್ದ ಪ್ರಶ್ನೆ. ಎರಡನೆಯದು ಸುಲಭವೆಂದು ಯಾರೂ ಭಾವಿಸಬೇಕಾಗಿಲ್ಲ.

ನಾನಿರುವುದು ಈಸೂರಿನಲ್ಲಿ. 1942ರಲ್ಲಿ ಪರರ ಆಳ್ವಿಕೆಯನ್ನು ಧಿಕ್ಕರಿಸಿ ತನ್ನದೇ ಸರ್ಕಾರವನ್ನು ಸಾರಿದ ಊರು ಇದು. ಆ ಹೋರಾಟದ ಫಲವಾಗಿ 1943ರಲ್ಲಿ ಐವರು ಗಲ್ಲಿಗೇರಿದರು. ಅಂಥ ತ್ಯಾಗದ ಪಕ್ಕದಲ್ಲಿ ಬೆಕ್ಕಿನ ಹಟವನ್ನಿಟ್ಟು ತೂಗುವುದು ಸಲ್ಲದು. ಆದರೆ ಪರರ ಕೈಕೆಳಗೆ ಬಾಳಲಾರೆನೆಂಬ ಸ್ವಭಾವ ನಮ್ಮ ಚಿನ್ನಿಗೂ ಉಂಟು ಎಂದಷ್ಟೆ ಹೇಳಬಲ್ಲೆ.

ಚಿನ್ನಿ ಒಂದು ದಿನ ತಲೆ ಕೊಡಹತೊಡಗಿತು. ಹಿಂಗಾಲಿನಿಂದ ಎಡಗಿವಿಯನ್ನು ರಕ್ತ ಬರುವಂತೆ ಕೆರೆದುಕೊಂಡಿತು. ಕಿವಿಯೊಳಗೆ ಕಾಫಿಪುಡಿಯಂಥ ಕರಿಯ ಕೊಳೆ, ಜೊತೆಗೆ ದುರ್ವಾಸನೆ. ನೆರೆಮನೆಯ ಅಜ್ಜಿ ಇಣಿಕಿ ನೋಡಿ, “ಮೇಷ್ಟ್ರೇ, ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ನಾಲ್ಕು ತೊಟ್ಟು ಬಿಡಿ, ಎಲ್ಲ ಸರಿಹೋಗ್ತದೆ” ಎಂದರು. ಅವರ ಕರುಣೆ ದೊಡ್ಡದು. ಆದರೂ ಬೆಕ್ಕನ್ನು ಬುಟ್ಟಿಯಲ್ಲಿಟ್ಟು ಶಿಕಾರಿಪುರದ ಪಶುವೈದ್ಯರ ಬಳಿಗೆ ಒಯ್ದೆ.

ವೈದ್ಯರು ಪುಟ್ಟ ದೀಪದ ಕೊಳವೆಯಿಂದ ಕಿವಿಯೊಳಗೆ ನೋಡಿದರು. ಕಣ್ಣಿಗೆ ಕಾಣುವುದೇ ಕಷ್ಟವೆನಿಸುವ ನುಸಿಗಳು ಅಲ್ಲಿ ಸಂಸಾರ ಹೂಡಿದ್ದವು. ಕೆರೆದ ಗಾಯಕ್ಕೆ ಸೋಂಕೂ ಸೇರಿತ್ತು. ಬೆಕ್ಕಿನ ಕಿವಿಯ ನಾಳ ಮೊದಲು ನೆಟ್ಟಗೆ ಕೆಳಗಿಳಿದು, ಅನಂತರ ಒಳಕ್ಕೆ ತಿರುಗುತ್ತದೆಯಂತೆ. ಹತ್ತಿ ಸುತ್ತಿದ ಕಡ್ಡಿ ಹಾಕಿದರೆ ಕೊಳೆ ಇನ್ನೂ ಆಳಕ್ಕೆ ಹೋದೀತು. ತಮಟೆ ಹರಿದಿದೆಯೇ ಇಲ್ಲವೇ ಎಂದು ನೋಡದೆ ಎಣ್ಣೆಯನ್ನಾಗಲಿ ಔಷಧವನ್ನಾಗಲಿ ಬಿಡಲಾಗದು. ನಾವು ನುಂಗುವ ಪ್ಯಾರಸಿಟಮಾಲ್ ಮಾತ್ರೆಯಂತೂ ಬೆಕ್ಕಿಗೆ ವಿಷವೇ ಸರಿ. ಸೋಂಕು ಒಳಗಿವಿಯನ್ನು ಮುಟ್ಟಿದರೆ ತಲೆ ವಾಲಿ, ನಡಿಗೆಯ ಸಮತೋಲವೇ ತಪ್ಪಬಹುದು. ಚಿನ್ನಿಯ ತಮಟೆ ಕ್ಷೇಮವಾಗಿತ್ತು. ಮೊಟ್ಟೆಯೊಡೆದ ನುಸಿ ಬೆಳೆದು ಮತ್ತೆ ಮೊಟ್ಟೆಯಿಡಲು ಸುಮಾರು ಮೂರು ವಾರ ಬೇಕು. ಆದ್ದರಿಂದ ಗುಣ ಕಂಡಿತೆಂದು ನಡುವೆ ಔಷಧ ನಿಲ್ಲಿಸಬೇಡಿ ಎಂದು ಎಚ್ಚರಿಸಿ ಕಳುಹಿಸಿದರು.

ನಿಜವಾದ ಕಷ್ಟ ಆಮೇಲಿನದು. ದಿನಕ್ಕೆರಡು ಬಾರಿ ಹಳೆಯ ಟವಲಿನಲ್ಲಿ ಚಿನ್ನಿಯನ್ನು ಸುತ್ತಿ, ಮುಖ ಮಾತ್ರ ಹೊರಗಿರಿಸಿ, ಕಿವಿಗೆ ತೊಟ್ಟು ಬಿಟ್ಟು, ಬುಡವನ್ನು ಮೆಲ್ಲಗೆ ತಿಕ್ಕಬೇಕು. ಅದು ತಲೆ ಕೊಡಹಿದಾಗ ಮೇಲೆ ಬಂದ ಕೊಳೆಯನ್ನಷ್ಟೆ ಒರೆಸಬೇಕು. ನನ್ನ ಕೈಯೆಲ್ಲ ಪರಚಿದ ಗೆರೆಗಳು. ಅದು ನೋಯಲಿಲ್ಲ. ನೋಯಿಸಿದ್ದು ಚಿನ್ನಿಯ ಕಣ್ಣು. ಆರು ವರ್ಷ ನನ್ನ ಹೆಜ್ಜೆಯ ಸದ್ದಿಗೆ ಓಡಿ ಬರುತ್ತಿದ್ದ ಪ್ರಾಣಿ ಈಗ ಅದೇ ಸದ್ದಿಗೆ ಅಟ್ಟವೇರಿ ಕೂರುತ್ತಿತ್ತು. ಅನ್ನ ಹಾಕಿದ ಕೈಯೇ ಹಿಂಸೆಯ ಕೈಯಾಯಿತು. ಮಗುವಾದರೆ “ಸ್ವಲ್ಪ ತಡಕೋ ಕಂದ” ಎಂದು ಸಂತೈಸಬಹುದು. ಮಾತು ಅರಿಯದ ಜೀವಿಗೆ ನಮ್ಮ ಸದುದ್ದೇಶವನ್ನು ತಿಳಿಸುವ ಭಾಷೆ ಯಾವುದು? ರೋಗ ಹೋಗಿ ವಿಶ್ವಾಸವೂ ಹೋದರೆ ಉಳಿಯುವುದೇನು?

ಹದಿನೇಳನೆಯ ದಿನ ರಾತ್ರಿ, ಭತ್ತದ ಚೀಲಗಳ ಸಂದಿನತ್ತ ಚಿನ್ನಿಯ ಎಡಗಿವಿ ಸರ್ರನೆ ತಿರುಗಿತು. ನನಗೇನೂ ಕೇಳಿಸಲಿಲ್ಲ. ಮನುಷ್ಯನ ಕಿವಿ ಸೆಕೆಂಡಿಗೆ 20 ಸಾವಿರ ಕಂಪನಗಳಲ್ಲಿ ನಿಲ್ಲುತ್ತದೆ. ಬೆಕ್ಕಿನ ಕಿವಿ ಸುಮಾರು 85 ಸಾವಿರದವರೆಗೆ ಹೋಗುತ್ತದೆ. ಇಲಿಮರಿಯ ಕೀಚಲು ನಮಗೆ ಮೌನ, ಅದಕ್ಕೆ ಕರೆ. ಆ ಕಿವಿ ಮತ್ತೆ ತನ್ನ ಲೋಕಕ್ಕೆ ತೆರೆದುಕೊಂಡಿತ್ತು.

ಮೂರು ವಾರದ ಔಷಧ ಮುಗಿದ ಎಷ್ಟೋ ದಿನಗಳ ಮೇಲೆ ಚಿನ್ನಿ ತಾನಾಗಿಯೇ ಅಟ್ಟದಿಂದಿಳಿದು, ನನ್ನಿಂದ ಒಂದು ಮೊಳ ದೂರದಲ್ಲಿ ಕುಳಿತಿತು. ನಾನು ಕೈ ಚಾಚಲಿಲ್ಲ. ಶುಶ್ರೂಷೆ ಮಾಡುವವನು ಕೃತಜ್ಞತೆಯನ್ನು ಕೇಳಬಾರದು. ಗುಣವಾದ ಜೀವ ತನ್ನಿಷ್ಟದಂತೆ ದೂರ ಕೂರಬಲ್ಲದೆಂಬುದೇ ಅವನಿಗೆ ಸಲ್ಲುವ ಸಂಭಾವನೆ.